ಜಡ್ಡು ಬರದ ಮನೆಗೂ ಬಂದು ಯಾಕೆ ಕೇಳುತ್ತಾರೆ?

ಪ್ರಶ್ನೆ: ಸರ್, ನಾನು ಕುಷ್ಟಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ಊರಲ್ಲಿ ವಾಂತಿ-ಭೇದಿ ಶುರುವಾಯಿತು. ನಮ್ಮ ಓಣಿಯಲ್ಲೇ ಆರು ಮನೆಗೆ ಬಂದಿತ್ತು, ದೇವರ ದಯೆ, ನಮ್ಮ ಮನೆಗೆ ಬರಲಿಲ್ಲ. ಜಿಲ್ಲೆಯಿಂದ ತಂಡ ಬಂತು. ಡಾಕ್ಟರು ಸಲೈನ್ ಹಚ್ಚಿದರು, ಅದು ಸರಿ. ಆದರೆ ಜೊತೆಗೆ ಬಂದವರು ಮನೆ ಮನೆ ತಿರುಗಿ ಬರೀ ಬರೆದುಕೊಂಡರು. ವಯಸ್ಸೆಷ್ಟು, ಎಷ್ಟು ಗಂಟೆಗೆ ಶುರುವಾಯಿತು, ಯಾವ ನಳದ ನೀರು ಕುಡಿದಿರಿ, ಹೀಗೆ. ಏನೂ ಆಗದ ನಮ್ಮನ್ನೂ ಬಿಡಲಿಲ್ಲ. ನಮ್ಮ ಅವ್ವನಿಗೆ ಅದೇ ನೀರಿನ ಪ್ರಶ್ನೆಯನ್ನು ಮೂರು ಸಲ ಕೇಳಿದರು, ಆಕೆ ಸಿಟ್ಟಿಗೆದ್ದಳು. ಇದೆಲ್ಲ ಲೆಕ್ಕಕ್ಕೆ ಬೇಕು ಎಂದರಂತೆ. ಕೊರೊನಾ ಕಾಲದಲ್ಲೂ ಟಿವಿಯಲ್ಲಿ ಗ್ರಾಫ್ ಹಾಕಿ ಲಕ್ಷ ಲಕ್ಷ ಎಂದು ಹೆದರಿಸಿದರು, ಎಷ್ಟೋ ಲೆಕ್ಕ ತಪ್ಪಾಯಿತು. ನಿಜವಾಗಿ ಗಣಿತದಿಂದ ರೋಗ ನಿಲ್ಲುತ್ತದಾ? ಹುಡುಗರು ಕೇಳಿದರೆ ಏನು ಹೇಳಲಿ?

ಉತ್ತರ: ಮಾಸ್ತರೇ, ಗ್ರಾಫಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮನೆಯ ವಿಷಯ. ನಿಮಗೆ ಜಡ್ಡು ಬರಲಿಲ್ಲ, ಆದರೂ ಬಂದು ಕೇಳಿದರು ಎಂಬುದೇ ನಿಮ್ಮ ತಕರಾರು. ನಾನು ಹೇಳೋದು ಏನೆಂದರೆ, ಆ ದಿನ ಅವರು ಹೋದ ಮನೆಗಳಲ್ಲಿ ನಿಮ್ಮದೇ ಎಲ್ಲಕ್ಕಿಂತ ಮುಖ್ಯವಾದ ಮನೆ ಆಗಿದ್ದಿರಬಹುದು.

ಕರಿಹಲಗೆ ಮೇಲೆ ಬರೆಯೋದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಇದು ನಿಮ್ಮ ಊರಿನ ಅಂಕಿ ಅಲ್ಲ, ನಾನೇ ಇಟ್ಟುಕೊಂಡದ್ದು. ಒಂದು ಊರಲ್ಲಿ 34 ಜನರಿಗೆ ವಾಂತಿ-ಭೇದಿ ಆಗಿದೆ. ಅವರಲ್ಲಿ 28 ಜನ ಗುಡಿ ಮುಂದಿನ ಮಿನಿ ಟ್ಯಾಂಕಿನ ನೀರು ಕುಡಿಯುವವರು. ಉಳಿದ 6 ಜನ ದೊಡ್ಡ ಟ್ಯಾಂಕಿನವರು. ಯಾರನ್ನೇ ಕೇಳಿ, ಮಿನಿ ಟ್ಯಾಂಕೇ ಕೆಟ್ಟಿದೆ, ಒಡೆದು ಹಾಕಿ ಎನ್ನುತ್ತಾರೆ. ಅಲ್ವಾ?

ಸ್ವಲ್ಪ ತಡೆಯಿರಿ. ಮಿನಿ ಟ್ಯಾಂಕಿನ ನೀರು ಒಟ್ಟು ಎಷ್ಟು ಜನ ಕುಡಿಯುತ್ತಾರೆ? 80 ಜನ ಎಂದಾದರೆ 28 ಎಂದರೆ ನೂರಕ್ಕೆ 35. ದೊಡ್ಡ ಟ್ಯಾಂಕಿನದು 120 ಜನ ಎಂದಾದರೆ 6 ಎಂದರೆ ನೂರಕ್ಕೆ 5. ಏಳು ಪಟ್ಟು ಜಾಸ್ತಿ. ಹಾಗಿದ್ದರೆ ಮಿನಿ ಟ್ಯಾಂಕಿನ ಮೇಲೆ ಅನುಮಾನ ಪಡಬಹುದು. ಆದರೆ ಮಿನಿ ಟ್ಯಾಂಕಿನ ನೀರು ಕುಡಿಯುವವರು 560 ಜನ ಇದ್ದರೆ? ಆಗ 28 ಎಂದರೂ ನೂರಕ್ಕೆ 5 ಮಾತ್ರ. ಎರಡೂ ಕಡೆ ಸಮ. ಮಿನಿ ಟ್ಯಾಂಕ್ ನಿರಪರಾಧಿ, ಕಾರಣ ಬೇರೆ ಕಡೆ ಇದೆ. ಜಡ್ಡು ಬಿದ್ದ 34 ಜನರ ಪಟ್ಟಿ ಎರಡು ಸಲವೂ ಅದೇ. ತೀರ್ಪು ಮಾತ್ರ ತಿರುಗಾ ಮುರುಗಾ ಆಯಿತು. ತಿರುಗಿಸಿದವರು ಯಾರು? ಜಡ್ಡು ಬರದವರು. ಅವರು ಭಾಗಾಕಾರದ ಕೆಳಗಿನ ಅಂಕಿ. ಮೇಲಿನ ಅಂಕಿ ದವಾಖಾನೆಯಲ್ಲಿ ಕೂತರೂ ಸಿಗುತ್ತದೆ. ಕೆಳಗಿನ ಅಂಕಿಗೆ ಓಣಿ ಓಣಿ ತಿರುಗಲೇಬೇಕು.

ಮತ್ತೆ ಮೊದಲಿನ 80 ಜನರ ಲೆಕ್ಕಕ್ಕೇ ಬನ್ನಿ. ಅದರಲ್ಲಿ ದೊಡ್ಡ ಟ್ಯಾಂಕಿನ ಆ 6 ಜನ. ಅವರನ್ನು ಸುಮ್ನೆ ಬಿಡುವ ಹಾಗಿಲ್ಲ. ಮಿನಿ ಟ್ಯಾಂಕಿನ ನೀರು ಕುಡಿಯದವರಿಗೆ ಹೇಗೆ ಬಂತು? ಹೋಗಿ ಕೇಳಿದರೆ ಐದು ಜನ ಶಾಲೆ ಹುಡುಗರು, ಶಾಲೆಯ ನಳ ಬರೋದು ಮಿನಿ ಟ್ಯಾಂಕಿನಿಂದಲೇ. ಆರನೆಯವನು ಗುಡಿ ಹತ್ತಿರದ ಚಹಾದಂಗಡಿಯಲ್ಲಿ ಒಂದು ಲೋಟ ನೀರು ಕುಡಿದಿದ್ದ. ಹೀಗೆ ಲೆಕ್ಕಕ್ಕೆ ಹೊಂದದವರನ್ನು ಹಿಡಿದು ಕೇಳಿದಾಗಲೇ ಅನುಮಾನ ಗಟ್ಟಿಯಾಗುತ್ತದೆ.

ಗಂಟೆ ಯಾಕೆ ಕೇಳಿದರು ಎಂದರೆ, ಕಾಲರಾ ರೋಗಾಣು ಹೊಟ್ಟೆ ಸೇರಿ ಕೆಲವೇ ಗಂಟೆಗಳಿಂದ ಐದು ದಿನದೊಳಗೆ ಭೇದಿ ಶುರುವಾಗುತ್ತದೆ. ಯಾರಿಗೆ ಯಾವ ದಿನ, ಯಾವ ಹೊತ್ತಿಗೆ ಶುರುವಾಯಿತು ಎಂದು ಚೌಕುಳಿ ಹಾಳೆ ಮೇಲೆ ಒಬ್ಬರಿಗೆ ಒಂದು ಚೌಕ ತುಂಬುತ್ತಾ ಹೋಗುತ್ತೇವೆ. ಒಂದೇ ಗುಡ್ಡದ ಹಾಗೆ ಏರಿ ಇಳಿದರೆ ಎಲ್ಲರಿಗೂ ಒಂದೇ ಕಡೆಯಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಗುಲಿದೆ. ಸಣ್ಣ ಗುಡ್ಡ, ಅದರ ಹಿಂದೆ ದೊಡ್ಡ ಗುಡ್ಡ, ಹಾಗೆ ಬೆಳೆಯುತ್ತಿದ್ದರೆ ಮನೆಯಿಂದ ಮನೆಗೆ ಹಬ್ಬುತ್ತಿದೆ. ಒಂದೇ ಗುಡ್ಡ ಇದ್ದರೆ ಅಲ್ಲಿಂದ ದಿನ ಹಿಂದಕ್ಕೆ ಎಣಿಸಿ ನೀರುಗಂಟಿಯನ್ನು ಕರೆಯುತ್ತೇವೆ. ಆ ದಿನ ಯಾವ ವಾಲ್ವ್ ಬಿಟ್ಟೆ, ಎಲ್ಲಿ ಪೈಪು ಅಗೆದಿದ್ದರು, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದು ಯಾವಾಗ? ನನ್ನ ಅನುಭವದಲ್ಲಿ ಊರಿನ ನೀರಿನ ಬಗ್ಗೆ ನೀರುಗಂಟಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರಿಗೂ ಗೊತ್ತಿರುವುದಿಲ್ಲ. ಆದರೆ ಆತನನ್ನು ಬೈಯುವ ದನಿಯಲ್ಲಿ ಕೇಳಿದರೆ ಬಾಯಿ ಬಿಡುವುದಿಲ್ಲ.

ನಮ್ಮ ಕಡೆ ನಳ ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಇದರಲ್ಲಿ ಒಂದು ಅಪಾಯ ಇದೆ. ನೀರು ಹರಿಯುವಾಗ ಪೈಪಿನ ಒಳಗೆ ಒತ್ತಡ ಇರುತ್ತದೆ, ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತಾಗ ಒತ್ತಡ ಇರುವುದಿಲ್ಲ. ಅದೇ ಬಿರುಕಿನಿಂದ ಗಟಾರದ ನೀರು ಒಳಗೆ ಇಳಿಯುತ್ತದೆ. ಮೇಲೆ ಒತ್ತಡ ಸಾಲದೆಂದು ಮನೆ ಮುಂದೆ ತಗ್ಗು ತೋಡಿ ನಳ ಕೆಳಕ್ಕೆ ಇಳಿಸಿರುತ್ತೇವೆ. ಆ ತಗ್ಗಿನಲ್ಲಿ ಮಳೆನೀರು ನಿಂತಿರುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಕ್ಲೋರಿನ್ ಇದೆಯಾ ಎಂದು ನೋಡಿದರೆ ಸಾಲದು. ಲೈನಿನ ಕೊನೆಯ ಮನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ನಿಮ್ಮದೇ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಕೆಟ್ಟ ನೀರಿನಿಂದ ಜೀವ ಹೋದದ್ದು ನಿಮಗೆ ನೆನಪಿರುತ್ತದೆ.

ಈಗ ಗಣಿತದ ಮಾಸ್ತರಿಗೆಂದೇ ಇಟ್ಟುಕೊಂಡ ಕಥೆ. ಆಂಡರ್ಸನ್ ಮೆಕೆಂಡ್ರಿಕ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದರು. 1926ರಲ್ಲಿ ಅವರು ಭಾರತದ ಒಂದು ಹಳ್ಳಿಯ ಕಾಲರಾ ಲೆಕ್ಕ ಪ್ರಕಟಿಸಿದರು. ಊರಲ್ಲಿ 223 ಮನೆ. 168 ಮನೆಯಲ್ಲಿ ಯಾರಿಗೂ ಇಲ್ಲ. 32 ಮನೆಯಲ್ಲಿ ಒಬ್ಬೊಬ್ಬರು. 16 ಮನೆಯಲ್ಲಿ ಇಬ್ಬರು. 6 ಮನೆಯಲ್ಲಿ ಮೂವರು. 1 ಮನೆಯಲ್ಲಿ ನಾಲ್ವರು. ಒಟ್ಟು 86 ಜನ. ಅಷ್ಟೇ ಮಾಹಿತಿ. ನಕ್ಷೆ ಇಲ್ಲ, ಬಾವಿಯ ಹೆಸರಿಲ್ಲ.

ಎಲ್ಲ 223 ಮನೆಗೂ ಒಂದೇ ಥರ ಅಪಾಯ ಇತ್ತು ಎಂದಿಟ್ಟುಕೊಳ್ಳಿ. 223 ಬಟ್ಟಲು ಸಾಲಾಗಿ ಇಟ್ಟು, 86 ಜೋಳದ ಕಾಳನ್ನು ಕಣ್ಣು ಮುಚ್ಚಿ ಎರಚಿದ ಹಾಗೆ. ಎಷ್ಟು ಬಟ್ಟಲಿಗೆ ಒಂದು ಕಾಳು, ಎಷ್ಟಕ್ಕೆ ಎರಡು ಬೀಳಬಹುದು ಎಂಬುದಕ್ಕೆ ಪಾಯ್ಸಾನ್ ಸೂತ್ರ ಇದೆ. ಅದರ ಪ್ರಕಾರ ಒಬ್ಬೊಬ್ಬರಿರುವ ಮನೆ ಸುಮಾರು 58 ಆಗಬೇಕು. ಇದ್ದದ್ದು 32. ಮೂವರಿರುವ ಮನೆ ಒಂದೋ ಎರಡೋ ಆಗಬೇಕು. ಇದ್ದದ್ದು 6. ಹೊಂದುವುದೇ ಇಲ್ಲ. ಕಾಳು ಊರ ತುಂಬ ಬಿದ್ದಿಲ್ಲ, ಎಲ್ಲೋ ಒಂದು ಕಡೆ ದಟ್ಟವಾಗಿ ಬಿದ್ದಿದೆ.

ಮೆಕೆಂಡ್ರಿಕ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಏನೂ ಆಗದ 168 ಮನೆ ಸದ್ಯಕ್ಕೆ ಮರೆತುಬಿಡಿ. 32, 16, 6, 1 ಹೀಗೆ ಬೀಳಬೇಕಾದರೆ ಒಟ್ಟು ಎಷ್ಟು ಬಟ್ಟಲು ಇದ್ದಿರಬೇಕು? ಉತ್ತರ ಸುಮಾರು 93 ಬಂತು. 93 ಇಟ್ಟು ಲೆಕ್ಕ ಹಾಕಿದರೆ ಒಬ್ಬೊಬ್ಬರಿರುವ ಮನೆ 34, ಇಬ್ಬರದು 16, ಮೂವರದು 5, ನಾಲ್ವರದು 1. ಎಷ್ಟು ಹತ್ತಿರ ನೋಡಿ. ಅಂದರೆ ಅಪಾಯದಲ್ಲಿದ್ದದ್ದು 93 ಮನೆ ಮಾತ್ರ. ಅದರಲ್ಲಿ 37 ಮನೆಯವರು ಅದೃಷ್ಟದಿಂದ ಪಾರಾದರು. ಉಳಿದ 130ರಷ್ಟು ಮನೆಗೆ ಆ ವಿಷ ಮುಟ್ಟಿಯೇ ಇರಲಿಲ್ಲ. ಹಾಗಾದರೆ ಊರಲ್ಲಿ ಹಲವು ಬಾವಿ ಇರಬೇಕು, ಈ 93 ಮನೆಯವರು ಕುಡಿಯುವ ಒಂದು ಬಾವಿ ಕೆಟ್ಟಿರಬೇಕು ಎಂದರು ಮೆಕೆಂಡ್ರಿಕ್. ಊರಿಗೆ ಹೋಗಿ ವಿಚಾರಿಸಿದರೆ ಹಾಗೇ ಇತ್ತು ಎಂದು ಅವರೇ ಬರೆದಿದ್ದಾರೆ.

ಈ ಲೆಕ್ಕ ಪಾಠದಲ್ಲಿ ಹೇಳುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಹತ್ತನೇ ತರಗತಿಯ ಹುಡುಗರಿಗೆ ಸೂತ್ರ ಬೇಡ. ನಿಜವಾಗಿ ಬಟ್ಟಲು ಇಟ್ಟು ಕಾಳು ಎರಚಿಸಿ. ಅಂಗನವಾಡಿಯವರು ಬಟ್ಟಲು ಕೊಡುತ್ತಾರೆ, ಕೇಳಿ ನೋಡಿ.

ಮುಂದಿನ ವರ್ಷ, 1927ರಲ್ಲಿ, ಮೆಕೆಂಡ್ರಿಕ್ ಮತ್ತು ಕರ್ಮ್ಯಾಕ್ ಸೇರಿ ಬರೆದದ್ದೇ ಇವತ್ತಿನ ಬಹುಪಾಲು ಮಾಡೆಲ್‌ಗಳ, ಅಂದರೆ ರೋಗ ಹೇಗೆ ಹಬ್ಬುತ್ತದೆ ಎಂದು ಲೆಕ್ಕದಲ್ಲಿ ತೋರಿಸುವ ಮಾದರಿಗಳ, ಮೂಲ. ಕರ್ಮ್ಯಾಕ್ ರಸಾಯನಶಾಸ್ತ್ರದವರು, ಪ್ರಯೋಗಾಲಯದ ಸ್ಫೋಟದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದರು. ಲೆಕ್ಕವನ್ನೆಲ್ಲ ತಲೆಯಲ್ಲೇ ಮಾಡುತ್ತಿದ್ದ ಮನುಷ್ಯ. ಇಬ್ಬರೂ ಸೇರಿ ಊರಿನ ಜನರನ್ನು ಮೂರು ಗುಂಪು ಮಾಡಿದರು: ರೋಗ ತಗುಲಬಹುದಾದವರು, ಈಗ ರೋಗ ಇರುವವರು, ಗುಣವಾದವರು ಅಥವಾ ತೀರಿಕೊಂಡವರು. ಒಂದು ಗುಂಪಿನಿಂದ ಇನ್ನೊಂದಕ್ಕೆ ದಿನಕ್ಕೆ ಎಷ್ಟು ಜನ ದಾಟುತ್ತಾರೆ ಎಂಬುದೇ ಲೆಕ್ಕ. ಇದರಿಂದ ಹೊರಬಿದ್ದ ಒಂದು ಮಾತು ಆಗಿನವರಿಗೆ ಹೊಸದು. ರೋಗ ನಿಲ್ಲೋದಕ್ಕೆ ಎಲ್ಲರಿಗೂ ಬಂದು ಹೋಗಬೇಕಿಲ್ಲ. ತಗುಲಬಹುದಾದವರು ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಸಾಕು, ಬೆಂಕಿಗೆ ಕಟ್ಟಿಗೆ ಸಾಲದೆ ತಾನೇ ಆರುತ್ತದೆ.

ಅವರು ತಮ್ಮ ಗೆರೆಯನ್ನು ಮುಂಬೈಯ 1905-06ರ ಪ್ಲೇಗ್ ಸಾವುಗಳ ಮೇಲೆ ಇಟ್ಟು ತೋರಿಸಿದರು, ಚೆನ್ನಾಗಿ ಹೊಂದಿತು. ಆದರೆ ಪ್ಲೇಗ್ ನಡೆಯೋದು ಇಲಿ ಮತ್ತು ಚಿಗಟದ ಮೇಲೆ, ಋತು ಬದಲಾದ ಹಾಗೆ ಏರಿಳಿಯುತ್ತದೆ. ಅವರ ಲೆಕ್ಕದಲ್ಲಿ ಅದು ಸರಿಯಾಗಿ ಸೇರಿರಲಿಲ್ಲ. ಗೆರೆ ಹೊಂದಿತು ಎಂದ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದಲ್ಲ. ನಮ್ಮ ಹಳ್ಳಿಯ ಹಳಬರಿಗೆ ಇಲಿಯ ವಿಷಯ ಗೊತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಯಾರಿಗೂ ಗೆಡ್ಡೆ ಏಳುವ ಮೊದಲೇ. ಇವತ್ತು ನಾವು ರೋಗ ನಿಗಾ ಎಂದು ಹೆಸರಿಟ್ಟು ಮಾಡುವುದೂ ಅದನ್ನೇ.

ಸೊಳ್ಳೆಯ ಲೆಕ್ಕ ಇನ್ನೂ ಹಳೆಯದು. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಆಗ ರಾಯಚೂರು, ಕೊಪ್ಪಳದ ಸೀಮೆಯೂ ನಿಜಾಮರ ರಾಜ್ಯದಲ್ಲೇ ಇತ್ತು, ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಆದರೆ ಜನ ಒಪ್ಪಲಿಲ್ಲ. ಲೋಕದ ಸೊಳ್ಳೆಯನ್ನೆಲ್ಲ ಕೊಲ್ಲೋದಕ್ಕೆ ಆಗುತ್ತದಾ ಎಂದು ನಕ್ಕರು. ರಾಸ್ ಲೆಕ್ಕ ಹಾಕಿ ತೋರಿಸಿದರು: ಎಲ್ಲವನ್ನೂ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ಮಲೇರಿಯಾ ತಾನೇ ಕರಗುತ್ತದೆ. 1950ರ ದಶಕದಲ್ಲಿ ಮಲೇರಿಯಾ ತಜ್ಞ ಜಾರ್ಜ್ ಮೆಕ್‌ಡೊನಾಲ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸೊಳ್ಳೆಯ ಸಂಖ್ಯೆಗಿಂತ ಸೊಳ್ಳೆಯ ಆಯಸ್ಸು ಮುಖ್ಯ ಎಂದರು.

ಯಾಕೆ? ರೋಗಿಯನ್ನು ಕಚ್ಚಿದ ಸೊಳ್ಳೆ ಮರುದಿನವೇ ರೋಗ ಹಂಚುವುದಿಲ್ಲ. ರೋಗಾಣು ಅದರ ಮೈಯಲ್ಲಿ ಬಲಿಯಬೇಕು, ಮಲೇರಿಯಾ ಆಗಲಿ ಡೆಂಗಿ ಆಗಲಿ ಹತ್ತು ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ ನೂರರಲ್ಲಿ 90 ಸೊಳ್ಳೆ ಬದುಕಿ ಉಳಿದರೆ, 0.9 ಅನ್ನು ಹತ್ತು ಸಲ ಗುಣಿಸಿ, ಹತ್ತನೇ ದಿನಕ್ಕೆ 35 ಉಳಿಯುತ್ತವೆ. ದಿನಕ್ಕೆ 80 ಉಳಿದರೆ ಹತ್ತನೇ ದಿನಕ್ಕೆ 11 ಮಾತ್ರ. ದಿನದ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ, ಅಪಾಯದ ಲೆಕ್ಕದಲ್ಲಿ ಮೂರು ಪಟ್ಟು. ಗೋಡೆಗೆ ಔಷಧ ಹೊಡೆಯೋದು, ಔಷಧ ಹಚ್ಚಿದ ಪರದೆ ಕೊಡೋದು ಇದೇ ಕಾರಣಕ್ಕೆ. ಮಲೇರಿಯಾ ಸೊಳ್ಳೆ ರಕ್ತ ಕುಡಿದು ಗೋಡೆ ಮೇಲೆ ಕೂರುತ್ತದೆ.

ಓಣಿಯಲ್ಲಿ ಹೊಗೆ ಯಂತ್ರ ಬಂದರೆ ಜನಕ್ಕೆ ಖುಷಿ, ಸದಸ್ಯರಿಗೂ ಖುಷಿ. ಡೆಂಗಿಗೆ ಅದರಿಂದ ಆಗೋದು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಆ ಹೊತ್ತು ಹಾರುತ್ತಿದ್ದವು ಸಾಯುತ್ತವೆ, ಡ್ರಮ್ಮಿನಲ್ಲಿರುವ ಮರಿಗಳು ಹಾಗೇ ಇರುತ್ತವೆ. ನಮ್ಮ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗೋದಕ್ಕೆ ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ, ಹರವಿ ಖಾಲಿ ಮಾಡಿ ಎನ್ನುವುದು ಈ ಎಣಿಕೆಯಿಂದ ಬಂದದ್ದು. ಹತ್ತು ದಿನಕ್ಕೊಮ್ಮೆ ಮಾಡಿದರೆ ಮಾಡದ ಹಾಗೇ. ಸುಮ್ನೆ ನೀರು ಚೆಲ್ಲಿದರೂ ಸಾಲದು. ಮೊಟ್ಟೆ ನೀರಿನ ಅಂಚಿನಲ್ಲಿ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಕಾಯುತ್ತದೆ, ತೆಂಗಿನ ನಾರಿನಿಂದ ತಿಕ್ಕಬೇಕು. ಆಶಾ ಅಕ್ಕ ಬಂದು ಟಾರ್ಚ್ ಬಿಟ್ಟು ಡ್ರಮ್ಮಿನೊಳಗೆ ಇಣುಕಿ, ಏನೂ ಇಲ್ಲ ಎಂದು ಬರೆದುಕೊಂಡು ಹೋಗುತ್ತಾರಲ್ಲ, ಅದೂ ಲೆಕ್ಕವೇ. ನೂರು ಮನೆ ನೋಡಿದಾಗ ಎಷ್ಟರಲ್ಲಿ ಮರಿ ಇತ್ತು ಎಂದು ಹೇಳಬೇಕಾದರೆ ಇಲ್ಲದ ಮನೆಯನ್ನೂ ಎಣಿಸಿರಬೇಕು.

ಎಲ್ಲ ರೋಗಕ್ಕೂ ಒಂದೇ ಸೂತ್ರ ನಡೆಯುವುದಿಲ್ಲ. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆ ಕಡೆ ಮಿದುಳು ಜ್ವರದ ಲಸಿಕೆ ಕೊಡುತ್ತಾರೆ. ಆ ರೋಗಾಣು ಹಂದಿ, ಕೊಕ್ಕರೆಗಳಲ್ಲಿ ಬೆಳೆದು ಗದ್ದೆಯ ಸೊಳ್ಳೆ ಮೂಲಕ ಮನುಷ್ಯರಿಗೆ ಬರುತ್ತದೆ. ಮನುಷ್ಯರಿಂದ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಊರಿನ 99 ಮಕ್ಕಳಿಗೆ ಹಾಕಿಸಿದರೂ ಬಿಟ್ಟುಹೋದ ನೂರನೇ ಮಗುವಿಗೆ ಅದರಿಂದ ರಕ್ಷಣೆ ಇಲ್ಲ.

ದಡಾರದ ಮಾತು ಇದಕ್ಕೆ ತದ್ವಿರುದ್ಧ. ಯಾರಿಗೂ ರಕ್ಷಣೆ ಇಲ್ಲದ ಕಡೆ ದಡಾರ ಬಂದ ಒಂದು ಮಗು 12ರಿಂದ 18 ಜನರಿಗೆ ಹಂಚುತ್ತದೆ. 15 ಎಂದು ಹಿಡಿಯಿರಿ. ಇದು ಒಂದಕ್ಕಿಂತ ಕೆಳಗೆ ಇಳಿಯಬೇಕಾದರೆ ಹದಿನೈದರಲ್ಲಿ ಹದಿನಾಲ್ಕು ಜನರಿಗೆ ರಕ್ಷಣೆ ಇರಬೇಕು, ಅಂದರೆ ನೂರಕ್ಕೆ 93. ಒಂಬತ್ತನೇ ತಿಂಗಳ ಒಂದು ಡೋಸ್ ನೂರಕ್ಕೆ 85ರಷ್ಟು ಮಕ್ಕಳಿಗೆ ಹಿಡಿಯುತ್ತದೆ. 95 ಮಕ್ಕಳಿಗೆ ಹಾಕಿದರೂ ರಕ್ಷಣೆ ಸಿಕ್ಕಿದ್ದು 81 ಮಕ್ಕಳಿಗೆ. ಸಾಲಲಿಲ್ಲ. ಹದಿನಾರರಿಂದ ಇಪ್ಪತ್ನಾಲ್ಕನೇ ತಿಂಗಳೊಳಗೆ ಎರಡನೇ ಡೋಸ್ ಹಾಕುವುದು ಅದಕ್ಕೇ. ನಮ್ಮಲ್ಲಿ ತಪ್ಪಿಹೋಗುವುದೂ ಅದೇ. ಆ ಹೊತ್ತಿಗೆ ಮನೆಯವರು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಮಗು ಯಾವುದೋ ಕಟ್ಟಡದ ಶೆಡ್ಡಿನಲ್ಲಿರುತ್ತದೆ, ತಾಯಿ ಕಾರ್ಡು ಊರಲ್ಲಿ ಟ್ರಂಕಿನೊಳಗೆ.

ಇಲ್ಲಿ ಸರಾಸರಿ ಮೋಸ ಮಾಡುತ್ತದೆ. ಹತ್ತು ಹಳ್ಳಿ, ತಲಾ ನೂರು ಮಕ್ಕಳು. ಒಂಬತ್ತು ಹಳ್ಳಿಯಲ್ಲಿ ಎಲ್ಲರಿಗೂ ಆಗಿದೆ. ಗುಳೆ ಜಾಸ್ತಿ ಇರುವ ಹತ್ತನೆಯದರಲ್ಲಿ ಅರ್ಧಕ್ಕೆ ಮಾತ್ರ. ಒಟ್ಟು 950, ಅಂದರೆ ನೂರಕ್ಕೆ 95. ಮೀಟಿಂಗಿನಲ್ಲಿ ಎಲ್ಲರೂ ಬೆನ್ನು ತಟ್ಟಿಕೊಳ್ಳಬಹುದು. ದಡಾರಕ್ಕೆ ಸರಾಸರಿ ಗೊತ್ತಿಲ್ಲ, ಅದು ಹತ್ತನೇ ಹಳ್ಳಿಗೇ ಹೋಗುತ್ತದೆ.

ಈಗ ನಿಮ್ಮ ಟಿವಿ ಗ್ರಾಫು. ಒಬ್ಬರಿಂದ ಸರಾಸರಿ 1.2 ಜನರಿಗೆ ಹಬ್ಬುತ್ತದೆ ಎನ್ನಿ. ನೂರು ರೋಗಿಗಳಿಂದ ಶುರು ಮಾಡಿದರೆ ಇಪ್ಪತ್ತನೇ ಸುತ್ತಿನಲ್ಲಿ ಹೊಸ ರೋಗಿಗಳು 3,800. ಅದೇ 1.3 ಆದರೆ 19,000. ಕೊರೊನಾಕ್ಕೆ ಒಂದು ಸುತ್ತು ಎಂದರೆ ಸುಮಾರು ಐದು ದಿನ, ಅಂದರೆ ಇದು ನೂರು ದಿನದ ಮಾತು. 1.2ಕ್ಕೂ 1.3ಕ್ಕೂ ನಡುವಿನ ವ್ಯತ್ಯಾಸವನ್ನು ಶುರುವಿನಲ್ಲೇ ಹೇಳುವುದು ತುಂಬ ಕಷ್ಟ. ಪರೀಕ್ಷೆ ಎಷ್ಟು ಜನ ಮಾಡಿಸಿದರು, ವರದಿ ಎಷ್ಟು ದಿನ ತಡವಾಯಿತು ಎಂಬುದರ ಮೇಲೇ ಅದು ಅಲುಗಾಡುತ್ತದೆ. ಅದಕ್ಕೂ ಮಿಗಿಲಾಗಿ, ಮಳೆ ಬರುತ್ತದೆ ಎಂದು ಹೇಳಿದರೆ ಮಳೆ ಹೆದರಿ ನಿಲ್ಲುವುದಿಲ್ಲ. ರೋಗ ಬರುತ್ತದೆ ಎಂದರೆ ಜನ ಸಂತೆಗೆ ಹೋಗುವುದಿಲ್ಲ, ಜಾತ್ರೆ ಮುಂದಕ್ಕೆ ಹಾಕುತ್ತಾರೆ, 1.3 ಇದ್ದದ್ದು 0.9 ಆಗುತ್ತದೆ. ಆಗ ಲೆಕ್ಕ ತಪ್ಪಿತು ಎನ್ನುತ್ತೀರಾ, ಲೆಕ್ಕ ಕೆಲಸ ಮಾಡಿತು ಎನ್ನುತ್ತೀರಾ? ಎಲ್ಲ ಸಲವೂ ಹೀಗೇ ಆಗಿತ್ತು ಎಂದು ವಕಾಲತ್ತು ಮಾಡುವುದಿಲ್ಲ. ಸುಮ್ನೆ ತಪ್ಪಾದ ಲೆಕ್ಕಗಳೂ ಇದ್ದವು, ಹೆದರಿಸೋದಕ್ಕೇ ದೊಡ್ಡ ಅಂಕಿ ಆರಿಸಿದ ಚಾನೆಲ್‌ಗಳೂ ಇದ್ದವು.

ನನ್ನ ರೂಢಿ ಇಷ್ಟು. ಇಂಥ ತಿಂಗಳು ಇಷ್ಟು ಲಕ್ಷ ಎಂದು ಯಾರಾದರೂ ಹೇಳಿದರೆ ಮೂರು ವಾರದ ಆಚೆಗಿನದನ್ನು ನಂಬುವುದಿಲ್ಲ. ಅದೇ ಮಾಡೆಲ್‌ಗೆ ಬೇರೆ ಪ್ರಶ್ನೆ ಹಾಕುತ್ತೇನೆ: ಇರುವ ಹತ್ತು ಜನರನ್ನು ಮನೆ ಮನೆ ಲಾರ್ವಾ ನೋಡೋದಕ್ಕೆ ಕಳಿಸಲಾ, ಹೊಗೆ ಯಂತ್ರದ ಹಿಂದೆ ಕಳಿಸಲಾ? ಇರುವ ಲಸಿಕೆ ಮೊದಲು ಯಾವ ಹಳ್ಳಿಗೆ? ಅಂಕಿ ಸ್ವಲ್ಪ ಆಚೀಚೆ ಆದರೂ ಯಾವುದು ಮೇಲು ಎಂಬ ಉತ್ತರ ಬಹಳ ಸಲ ಬದಲಾಗುವುದಿಲ್ಲ. ಜ್ಯೋತಿಷ್ಯ ಕೇಳಿದರೆ ಮಾಡೆಲ್ ಕೈಕೊಡುತ್ತದೆ. ತಕ್ಕಡಿ ಹಾಗೆ ಬಳಸಿದರೆ ಉಪಯೋಗಕ್ಕೆ ಬರುತ್ತದೆ.

ಅದಕ್ಕೂ ಹಳ್ಳಿಯ ನೋಟ್‌ಬುಕ್ಕೇ ಆಧಾರ. ದೇಶದಲ್ಲಿ ಸಮಗ್ರ ರೋಗ ನಿಗಾ ಯೋಜನೆ 2004ರಲ್ಲಿ ಶುರುವಾಯಿತು. ಉಪಕೇಂದ್ರದ ಸಿಸ್ಟರ್ ಲಕ್ಷಣ ನೋಡಿ ಎಸ್ ಫಾರ್ಮ್ ತುಂಬುತ್ತಾರೆ, ಡಾಕ್ಟರು ರೋಗಿಯನ್ನು ಪರೀಕ್ಷಿಸಿ ಪಿ ಫಾರ್ಮ್, ಲ್ಯಾಬಿನವರು ಪರೀಕ್ಷೆಯ ಫಲಿತಾಂಶದ ಎಲ್ ಫಾರ್ಮ್. ಅದರಲ್ಲಿ ಸೊನ್ನೆ ಬರೆಯುವುದಕ್ಕೂ ಖಾಲಿ ಬಿಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಸೊನ್ನೆ ಎಂದರೆ ನೋಡಿದೆ, ಯಾರಿಗೂ ಇಲ್ಲ. ಖಾಲಿ ಎಂದರೆ ಯಾರೂ ನೋಡಿಲ್ಲ. ಕಂಪ್ಯೂಟರಿಗೆ ಹೋಗುವ ಹೊತ್ತಿಗೆ ಎರಡೂ ಒಂದೇ ಆಗಿಬಿಟ್ಟರೆ, ಮೇಲೆ ಎಂಥ ದೊಡ್ಡ ಗಣಿತ ಮಾಡಿದರೂ ನೀರು ಕಡೆದ ಹಾಗೆ. ಒಮ್ಮೆ ನಾನು ತಿಂಗಳ ವರದಿ ನೋಡುತ್ತಾ, ಒಂದು ಹಳ್ಳಿಯಲ್ಲಿ ಜ್ವರವೇ ಇಲ್ಲವಲ್ಲ ಎಂದು ಖುಷಿಪಟ್ಟಿದ್ದೆ. ಆಮೇಲೆ ಗೊತ್ತಾಯಿತು, ಅಲ್ಲಿನ ಸಿಸ್ಟರ್ ಹೆರಿಗೆ ರಜೆಯಲ್ಲಿದ್ದರು.

ಇನ್ನು ನಿಮ್ಮ ಅವ್ವನ ಸಿಟ್ಟು. ಆರು ಮನೆಗೆ ಬಂದ ಓಣಿ, ನಡುವೆ ಏನೂ ಆಗದ ಒಂದು ಮನೆ. ನಳ ಅದೇ, ಲೈನೂ ಅದೇ. ಯಾವ ನೀರು ಎಂದು ಕೇಳಿದರೆ ಯಾರೇ ಆಗಲಿ ಮೊದಲ ಸಲ ನಮ್ಮ ನಳದ್ದೇ ಎನ್ನುತ್ತಾರೆ, ಅದು ರೂಢಿಯ ಉತ್ತರ. ಎರಡನೇ ಸಲ ಕೇಳಿದಾಗ ಅಡುಗೆಗೆ ನಳದ್ದು, ಕುಡಿಯೋದಕ್ಕೆ ಶುದ್ಧ ನೀರಿನ ಘಟಕದ ಕ್ಯಾನು ಎಂದು ನೆನಪಾಗಬಹುದು. ಮೂರನೇ ಸಲ, ಆ ವಾರ ಕ್ಯಾನು ತಂದಿರಲಿಲ್ಲ, ಮೊಮ್ಮಗನಿಗೆ ನೆಗಡಿ ಎಂದು ಕಾಯಿಸಿದ ನೀರನ್ನೇ ಎಲ್ಲರೂ ಕುಡಿದೆವು ಎಂದೂ ಬರಬಹುದು. ಅಥವಾ ನಿಜವಾಗಿಯೂ ಅದೇ ನಳದ ನೀರು ಕುಡಿದು ಮೆಕೆಂಡ್ರಿಕ್‌ರ ಆ 37 ಮನೆಗಳ ಹಾಗೆ ಪಾರಾಗಿರಬಹುದು. ಈ ಮೂರರಲ್ಲಿ ಯಾವುದು ಎಂಬುದರ ಮೇಲೆ ಮರುದಿನ ಎಲ್ಲಿ ಪೈಪು ಅಗೆಯಬೇಕು ಎಂಬುದು ನಿಂತಿರುತ್ತದೆ. ಮೂರನೇ ಸಲ ಅವ್ವ ಏನೆಂದರು ಎಂದು ನೀವು ಬರೆದಿಲ್ಲ. ಸಿಟ್ಟು ಇಳಿದಿದ್ದರೆ ಒಮ್ಮೆ ಕೇಳಿ ತಿಳಿಸಿ.